ಹದಿನಾರನೇ ತೂಬಿನ ಆಚೆ

ತೊಂಬತ್ತರ ದಶಕದ ನಡುಭಾಗ. ನಾನಾಗ ಶಹಾಪುರದ ಕಡೆಯ ಒಂದು ಕಾಲುವೆ ಕಚೇರಿಯಲ್ಲಿ ಸಹಾಯಕ ಎಂಜಿನಿಯರ್ ಆಗಿದ್ದೆ. ಯಾದಗಿರಿ ಇನ್ನೂ ಜಿಲ್ಲೆಯಾಗಿರಲಿಲ್ಲ. ಯಾದಗಿರಿ, ಶಹಾಪುರ, ಸುರಪುರ ಮೂರೂ ಗುಲಬರ್ಗಾ ಜಿಲ್ಲೆಯ ತಾಲ್ಲೂಕುಗಳು. ಕೃಷ್ಣೆಯ ನೀರು ಕಾಲುವೆಗೆ ಬಂದು ಕೆಲವು ವರ್ಷಗಳಾಗಿದ್ದವು. ಜೋಳ, ತೊಗರಿ ಬಿಟ್ಟು ಬೇರೆ ಬೆಳೆ ಕಾಣದಿದ್ದ ಹೊಲಗಳಲ್ಲಿ ಬೇಸಿಗೆಯಲ್ಲೂ ಶೇಂಗಾ ನಿಲ್ಲುತ್ತಿತ್ತು. ನನ್ನ ಊರು ಮುದನಾಳ, ತಂದೆ ಪ್ರಾಥಮಿಕ ಶಾಲೆಯ ಮೇಷ್ಟ್ರು, ನನ್ನ ವಯಸ್ಸು ಇಪ್ಪತ್ತೆಂಟು. ಕಚೇರಿಗೆ ಬಂದಿದ್ದ ಒಂದೇ ಒಂದು ಕಂಪ್ಯೂಟರಿನ ಮುಂದೆ ಕೂರುವ ಧೈರ್ಯ ಇದ್ದದ್ದು ನನಗೊಬ್ಬನಿಗೆ. ಧೈರ್ಯ ಎನ್ನುವುದಕ್ಕಿಂತ ಜಂಬ ಎಂದರೆ ಹೆಚ್ಚು ಸರಿ.

ನಮ್ಮ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ದೊಡ್ಡ ಕಾಲುವೆಯಿಂದ ವಿತರಣಾ ಕಾಲುವೆಗಳು ಒಡೆಯುತ್ತವೆ. ಒಂದೊಂದು ವಿತರಣಾ ಕಾಲುವೆಯಿಂದ ಹಲವು ಸಣ್ಣ ಕಾಲುವೆಗಳು ಹೊರಡುತ್ತವೆ, ಅವುಗಳಿಗೆ ಲ್ಯಾಟರಲ್ ಎನ್ನುತ್ತೇವೆ. ಲ್ಯಾಟರಲ್‌ನ ದಂಡೆಯಲ್ಲಿ ಅಲ್ಲಲ್ಲಿ ತೂಬುಗಳು. ಒಂದು ತೂಬು ತೆರೆದರೆ ನಾಲ್ಕೈದು ಹೊಲಗಳಿಗೆ ನೀರು. ಎಲ್ಲ ತೂಬುಗಳನ್ನೂ ಒಟ್ಟಿಗೆ ತೆರೆದರೆ ಯಾರಿಗೂ ಸಾಲದು. ಆದ್ದರಿಂದ ಪಾಳಿ. ಇಷ್ಟು ತಾಸು ಈ ತೂಬು, ಆಮೇಲೆ ಆ ತೂಬು. ಎಲ್ಲ ತೂಬುಗಳಿಗೂ ಒಂದು ಸುತ್ತು ನೀರು ಮುಟ್ಟಿದರೆ ಒಂದು ಪಾಳಿ ಮುಗಿಯಿತು ಎಂದು ಲೆಕ್ಕ. ಕಾಲುವೆಯನ್ನು ದಿನವೂ ಕಾಯುವವರು ಗ್ಯಾಂಗ್‌ಮನ್‌ಗಳು. ಅವರು ಸೈಕಲ್ ಮೇಲೆ ದಂಡೆಯುದ್ದಕ್ಕೂ ಓಡಾಡಿ, ಯಾವ ತೂಬಿನ ಸರದಿ ಮುಗಿಯಿತೆಂದು ವೈರ್‌ಲೆಸ್ ಸೆಟ್ಟಿನಲ್ಲಿ ಕಚೇರಿಗೆ ಹೇಳುತ್ತಿದ್ದರು.

ದಿನ ಬೆಳಗಾದರೆ ಕಚೇರಿಯಲ್ಲಿ ಏಳುತ್ತಿದ್ದ ಪ್ರಶ್ನೆ ಒಂದೇ: ಇನ್ನೂ ನೀರು ಮುಟ್ಟದ ತೂಬು ಯಾವುವು? ಇದಕ್ಕೆ ಉತ್ತರ ಹೇಳಲು ಗುಮಾಸ್ತರು ರಿಜಿಸ್ಟರುಗಳ ರಾಶಿ ಹಾಕಿಕೊಂಡು ಎರಡೆರಡು ದಿನ ಕೂರುತ್ತಿದ್ದರು. ಉತ್ತರ ಸಿಗುವ ಹೊತ್ತಿಗೆ ಪ್ರಶ್ನೆಯೇ ಹಳೆಯದಾಗಿರುತ್ತಿತ್ತು. ಈ ಕೆಲಸ ನನ್ನ ಯಂತ್ರ ಮಾಡುತ್ತದೆ ಎಂದು ನಾನು ಮುಂದೆ ಬಂದೆ. ಯಾರೂ ಕೇಳಿರಲಿಲ್ಲ.

ಪ್ರೋಗ್ರಾಂ ಬರೆದದ್ದು ಸಿ ಭಾಷೆಯಲ್ಲಿ. ಅದರ ಹೊಟ್ಟೆಯೊಳಗೆ ಇದ್ದದ್ದು ಹಂತಹಂತದ ಬಿಟ್‌ಮ್ಯಾಪ್. ಹೆಸರು ಕೇಳಿ ಹೆದರಬೇಡಿ. ಬಿಟ್ ಎಂದರೆ ಸೊನ್ನೆ ಅಥವಾ ಒಂದನ್ನು ಇಡಬಹುದಾದ ಅತಿ ಚಿಕ್ಕ ಜಾಗ. ಒಂದು ತೂಬಿಗೆ ಒಂದು ಬಿಟ್ ಕೊಟ್ಟೆ. ಪಾಳಿ ಶುರುವಾದಾಗ ಎಲ್ಲದರಲ್ಲೂ ಒಂದು, ಅಂದರೆ ಬಾಕಿ. ನೀರು ಮುಟ್ಟಿದ ತೂಬಿಗೆ ಸೊನ್ನೆ. ಹೀಗೆ ಮೂವತ್ತೆರಡು ಬಿಟ್‌ಗಳನ್ನು ಸೇರಿಸಿದರೆ ಒಂದು ಸಂಖ್ಯೆಯಾಗುತ್ತದೆ. ನಮ್ಮ ಯಾವ ಲ್ಯಾಟರಲ್‌ನಲ್ಲೂ ಮೂವತ್ತೆರಡಕ್ಕಿಂತ ಹೆಚ್ಚು ತೂಬು ಇರಲಿಲ್ಲವಾದ್ದರಿಂದ ಒಂದು ಲ್ಯಾಟರಲ್‌ಗೆ ಒಂದು ಸಂಖ್ಯೆ ಸಾಕಾಯಿತು.

ಇದು ಕೆಳಗಿನ ಹಂತ. ಇದರ ಮೇಲೆ ಇನ್ನೊಂದು ಹಂತ ಕಟ್ಟಿದೆ. ಒಂದು ವಿತರಣಾ ಕಾಲುವೆಗೆ ಒಂದು ಸಂಖ್ಯೆ, ಅದರ ಒಂದೊಂದು ಬಿಟ್ ಒಂದೊಂದು ಲ್ಯಾಟರಲ್‌ನ ಹೆಸರಿಗೆ. ಆ ಲ್ಯಾಟರಲ್‌ನಲ್ಲಿ ಒಂದಾದರೂ ತೂಬು ಬಾಕಿಯಿದ್ದರೆ ಅಲ್ಲಿ ಒಂದು, ಎಲ್ಲ ಮುಗಿದಿದ್ದರೆ ಸೊನ್ನೆ. ಎಲ್ಲಕ್ಕಿಂತ ಮೇಲೆ ಇಡೀ ವಿಭಾಗಕ್ಕೆ ಒಂದೇ ಸಂಖ್ಯೆ. ಮೇಲಿನ ಸಂಖ್ಯೆ ಸೊನ್ನೆಯಾದರೆ ಕೆಳಗೆ ಇಳಿದು ನೋಡುವ ಅಗತ್ಯವೇ ಇಲ್ಲ, ಪಾಳಿ ಮುಗಿದಂತೆ. ಮೂವತ್ತೆರಡು ಸಾವಿರಕ್ಕಿಂತ ಹೆಚ್ಚು ತೂಬುಗಳ ಸ್ಥಿತಿಯನ್ನು ಕೆಳಗಿನ ಹಂತದ ನಾಲ್ಕು ಕಿಲೋಬೈಟ್‌ನಲ್ಲಿ ಹಿಡಿಸಬಹುದಿತ್ತು. ನಮ್ಮಲ್ಲಿ ಅಷ್ಟು ತೂಬುಗಳೂ ಇರಲಿಲ್ಲ. ಆ ಮುದಿ ಯಂತ್ರ ಕೂಡ ಗುಂಡಿ ಒತ್ತಿದ ಮರುಕ್ಷಣ ಬಾಕಿ ಪಟ್ಟಿಯನ್ನು ಪ್ರಿಂಟರಿಗೆ ಕಳಿಸುತ್ತಿತ್ತು. ಇಲ್ಲದ ಕಡೆ ಹುಡುಕುವುದೇ ಇಲ್ಲ ಎನ್ನುವುದು ನನ್ನ ಪ್ರೋಗ್ರಾಮಿನ ಹೆಚ್ಚುಗಾರಿಕೆ. ಬಂದವರಿಗೆಲ್ಲ ಇದನ್ನು ಹೇಳಿ ಹೇಳಿ ಅವರ ತಲೆ ತಿನ್ನುತ್ತಿದ್ದೆ.

ಮೂರು ಪಾಳಿಗಳಲ್ಲಿ ಪರೀಕ್ಷೆ ಮಾಡಿದೆವು. ಗುಮಾಸ್ತರ ರಿಜಿಸ್ಟರಿಗೂ ನನ್ನ ಪಟ್ಟಿಗೂ ಒಂದು ತೂಬಿನಷ್ಟೂ ವ್ಯತ್ಯಾಸ ಬರಲಿಲ್ಲ. ನಮ್ಮ ಕಾರ್ಯಪಾಲಕ ಎಂಜಿನಿಯರ್ ದೇಶಮುಖ ಸಾಹೇಬರು ಸುಲಭಕ್ಕೆ ಹೊಗಳುವವರಲ್ಲ. ಅವರೇ ಒಂದು ದಿನ ಪಟ್ಟಿ ಕೈಯಲ್ಲಿ ಹಿಡಿದು, "ಇನ್ನ ಮ್ಯಾಲ ರಿಜಿಸ್ಟರ್ ಬಂದ್ ಮಾಡ್ರಿ, ಇದs ಸಾಕು" ಎಂದರು. ಅವತ್ತು ನಾನು ನೆಲದ ಮೇಲೆ ನಡೆಯಲಿಲ್ಲ.

ಇಲ್ಲಿ ನಮ್ಮ ವಿಭಾಗದ ಒಂದು ಪದ್ಧತಿಯನ್ನು ಹೇಳಬೇಕು. ನಮ್ಮಲ್ಲಿ ಲ್ಯಾಟರಲ್‌ನ ಪಾಳಿ ಕೊನೆಯ ತೂಬಿನಿಂದ ಶುರುವಾಗುತ್ತಿತ್ತು. ಕಾಲುವೆಯ ತಲೆಯಲ್ಲಿರುವವರಿಗೆ ಮೊದಲು ಬಿಟ್ಟರೆ ಅವರು ಮುಚ್ಚುವುದೇ ಇಲ್ಲ. ಬಾಲದಲ್ಲಿರುವವರು ಒಣ ಕಾಲುವೆ ನೋಡುತ್ತ ಕೂರಬೇಕಾಗುತ್ತದೆ. ಆದ್ದರಿಂದ ಬಾಲದವರಿಗೆ ಮೊದಲು, ತಲೆಯವರಿಗೆ ಕೊನೆಗೆ. ಕಾಲುವೆ ಬಂದ ಹೊಸತರಲ್ಲಿ ಜಗಳ, ಹೊಡೆದಾಟ ಆಗಿ ಆಗಿ ಗ್ಯಾಂಗ್‌ಮನ್‌ಗಳೇ ಹಟ ಹಿಡಿದು ತಂದ ಪದ್ಧತಿ ಇದು. ತೂಬುಗಳ ನಂಬರು ಮಾತ್ರ ನಕ್ಷೆಯಲ್ಲಿದ್ದಂತೆ ತಲೆಯಿಂದಲೇ ಶುರು. ತಲೆಯ ತೂಬು ಒಂದು, ಬಾಲದ ತೂಬು ಇಪ್ಪತ್ತೋ ಇಪ್ಪತ್ತಾರೋ. ನನ್ನ ಬಿಟ್‌ಗಳ ಸಾಲೂ ಅದೇ ಕ್ರಮದಲ್ಲಿತ್ತು.

ಆ ವರ್ಷದ ಬೇಸಿಗೆ ಬೆಳೆಯ ಕೊನೆಯ ಪಾಳಿಗೆ ಈ ಪದ್ಧತಿಯನ್ನು ತಿರುವಿ ಹಾಕಬೇಕಾಯಿತು. ಉದ್ದನೆಯ ಲ್ಯಾಟರಲ್‌ಗಳ ಕೆಳಭಾಗದಲ್ಲಿ ಸಿಮೆಂಟ್ ಲೈನಿಂಗ್ ಕಿತ್ತುಹೋಗಿ ದುರಸ್ತಿ ನಡೆಯುತ್ತಿತ್ತು. ದುರಸ್ತಿ ಮುಗಿಯುವವರೆಗೆ ತಲೆಯವರಿಗೆ ಬಿಡೋಣ, ಮುಗಿದ ಮೇಲೆ ಬಾಲದವರಿಗೆ ಕೊಡೋಣ ಎಂದು ಎಲ್ಲರೂ ಸೇರಿ ಮಾಡಿದ ತೀರ್ಮಾನ. ನಾನೂ ತಲೆಯಾಡಿಸಿದ್ದೆ. ದುರಸ್ತಿ ಹೇಳಿದ ದಿನಕ್ಕೆ ಮುಗಿಯಿತು. ಪಾಳಿಯೂ ಸಾಗಿತು. ಒಂದು ಬುಧವಾರ ಸಂಜೆ ನನ್ನ ಪ್ರೋಗ್ರಾಮಿನ ಎಲ್ಲಕ್ಕಿಂತ ಮೇಲಿನ ಸಂಖ್ಯೆ ಸೊನ್ನೆಯಾಯಿತು. ಬಾಕಿ ಇಲ್ಲ. ಮರುದಿನ ಗುರುವಾರ ಸಂಜೆ ನಾಲ್ಕು ಗಂಟೆಗೆ ಕಾಲುವೆಯ ಗೇಟು ಮುಚ್ಚಲು ದೇಶಮುಖ ಸಾಹೇಬರು ಆದೇಶಕ್ಕೆ ಸಹಿ ಹಾಕಿದರು. ಒಮ್ಮೆ ಮುಚ್ಚಿದರೆ ಮುಂಗಾರಿನವರೆಗೆ ತೆರೆಯುವ ಮಾತಿಲ್ಲ. ಜಲಾಶಯದಲ್ಲಿ ಉಳಿದ ನೀರು ಕುಡಿಯುವುದಕ್ಕೆ.

ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ ಒಬ್ಬ ಹೆಣ್ಣುಮಗಳು ಸೀದಾ ನನ್ನ ಕೋಣೆಗೆ ಬಂದರು. ನಲವತ್ತು ದಾಟಿದ ವಯಸ್ಸು, ನೀಲಿ ಸೀರೆ, ಕೈಯಲ್ಲಿ ಬೇರು ಸಮೇತ ಕಿತ್ತ ಎರಡು ಶೇಂಗಾ ಗಿಡ. ಹೆಸರು ಶಾಂತಾಬಾಯಿ. ಸುರಪುರ ರಸ್ತೆಯ ಕಡೆಗೆ ಹೋಗುವ ಲ್ಯಾಟರಲ್‌ನ ಇಪ್ಪತ್ತಾರನೇ ತೂಬಿನ ಕೆಳಗೆ ಒಂದು ಎಕರೆ ಮೂವತ್ತು ಗುಂಟೆ ಹೊಲ. ಆ ಲ್ಯಾಟರಲ್‌ಗೆ ಅದೇ ಕೊನೆಯ ತೂಬು. ಗಂಡ ತೀರಿಕೊಂಡ ಮೇಲೆ ಆ ಹೊಲವನ್ನು ತಾವೇ ಮಾಡಿಕೊಂಡು ಬಂದವರು. ಅವರು ಕೂರಲಿಲ್ಲ. ಗಿಡಗಳನ್ನು ನನ್ನ ಕೀಬೋರ್ಡಿನ ಮೇಲೆ ಇಟ್ಟರು.

"ನೀರ ಯಾವಾಗ ಬಿಡ್ತೀರಿ ಸಾಹೇಬ್ರ?"

ನಾನು ಮಣ್ಣು ಕೊಡವುತ್ತ, ಪ್ರಿಂಟ್ ತೆಗೆದಿದ್ದ ಪಟ್ಟಿ ತೋರಿಸಿದೆ. "ನಿಮ್ಮ ತೂಬಿಗೆ ನೀರು ಮುಟ್ಟಿ ಆಗ್ಯಾದ ಬಾಯಿ. ಬಾಕಿ ಪಟ್ಟಿಯೊಳಗ ನಿಮ್ಮ ನಂಬರ್ ಇಲ್ಲ ನೋಡ್ರಿ."

"ಪಟ್ಟಿಯೊಳಗ ಇಲ್ಲಂದ್ರ ಹೊಲಾನೂ ಇಲ್ಲೇನ್ರಿ?"

ನಾನು ನಕ್ಕೆ. ಇವತ್ತಿಗೂ ಆ ನಗು ನೆನಪಾದರೆ ನನಗೆ ನಾಚಿಕೆಯಾಗುತ್ತದೆ. ಕಾಲುವೆ ಮುಚ್ಚುವ ದಿನ ಇನ್ನೊಂದು ಸಲ ನೀರು ಕೇಳಿಕೊಂಡು ಬರುವವರು ಇದ್ದೇ ಇರುತ್ತಾರೆ, ಇವರೂ ಅದೇ ಗುಂಪು ಎಂದುಕೊಂಡಿದ್ದೆ. ಶಾಂತಾಬಾಯಿ ಒಂದು ಕಾಯಿ ಕಿತ್ತು ಉಗುರಿನಿಂದ ಬಿಡಿಸಿ ನನ್ನ ಮುಂದೆ ಹಿಡಿದರು. ಸಿಪ್ಪೆ ದೊಡ್ಡದಿತ್ತು, ಒಳಗಿನ ಕಾಳು ಅಕ್ಕಿಯಷ್ಟೇ ಇತ್ತು.

"ಕಾಳು ತುಂಬೂ ಹೊತ್ತದು. ಇದೊಂದು ನೀರ ಸಿಗಲಿಲ್ಲಂದ್ರ ಎಲ್ಲಾ ಜೊಳ್ಳು. ನಾ ಸುಳ್ಳ ಹೇಳಾಕ ಬಂದಿಲ್ರಿ. ನಡೀರಿ ನನ್ನ ಹೊಲಕ್ಕ. ನೆಲಾ ಮುಟ್ಟಿ ನೋಡ್ರಿ. ತ್ಯಾವ ಇತ್ತಂದ್ರ ನಾ ಒಂದ ಮಾತ ಆಡಂಗಿಲ್ಲ, ವಾಪಸ್ ಹೋಗ್ತೀನಿ."

ನಾನು ಹೊರಟದ್ದು ಅವರ ಮೇಲಿನ ನಂಬಿಕೆಯಿಂದಲ್ಲ. ಅವರು ಹೇಳುತ್ತಿರುವುದು ತಪ್ಪು ಎಂದು ಅವರ ಹೊಲದಲ್ಲೇ ತೋರಿಸಿ ಬರಲು. ಜೀಪಿನಲ್ಲಿ ಅವರನ್ನೂ, ಆ ಲ್ಯಾಟರಲ್ ನೋಡಿಕೊಳ್ಳುವ ಗ್ಯಾಂಗ್‌ಮನ್ ಭೀಮಣ್ಣನನ್ನೂ ಕೂರಿಸಿಕೊಂಡೆ. ಭೀಮಣ್ಣ ಹತ್ತಿಕುಣಿಯವನು, ಕುರಿ ಕಾಯುವ ಮನೆತನ, ವಯಸ್ಸಿನಲ್ಲಿ ನನಗಿಂತ ಇಪ್ಪತ್ತು ವರ್ಷ ದೊಡ್ಡವನು. ಯಾವಾಗಲೂ ನನ್ನ ಕಡೆ ತಿರುಗಿ ವಟಗುಟ್ಟುತ್ತಿದ್ದ ಮನುಷ್ಯ ಅವತ್ತು ದಾರಿಯುದ್ದಕ್ಕೂ ಕಾಲುವೆಯ ಕಡೆಗೇ ನೋಡುತ್ತ ಕುಳಿತಿದ್ದ.

ಲ್ಯಾಟರಲ್‌ನ ತಲೆಯಲ್ಲಿ ಜೀಪು ನಿಲ್ಲಿಸಿ ದಂಡೆಯ ಮೇಲೆ ನಡೆದೆವು. ಒಂದನೇ ತೂಬಿನ ಕಲ್ಲಿನ ಮೇಲೆ ಬಿಳಿಯ ಸುಣ್ಣದ ಬೊಟ್ಟು ಇತ್ತು. ಎರಡನೆಯದರ ಮೇಲೂ ಇತ್ತು. ಏನಿದು ಎಂದು ಕೇಳಿದೆ.

"ಸರದಿ ಮುಗದ ತೂಬಿಗೆ ಸುಣ್ಣಾ ಹಚ್ತೀವ್ರಿ," ಎಂದ ಭೀಮಣ್ಣ. "ಹೊಸಾ ಪಾಳಿ ಬಂತಂದ್ರ ತೊಳೀತೀವಿ. ನಾವೆಲ್ಲಾ ಹಂಗs ಮಾಡೂದು. ನೆಪ್ಪಿಟ್ಟು ಹೇಳಾಕ ಬರಂಗಿಲ್ಲಲ್ರಿ."

ಮೂರು ವರ್ಷದಿಂದ ಆ ಕಾಲುವೆಯ ಎಂಜಿನಿಯರ್ ನಾನು. ಈ ಸುಣ್ಣದ ಬೊಟ್ಟುಗಳನ್ನು ನೋಡಿಯೂ ಇದ್ದೆ. ಯಾಕೆಂದು ಕೇಳಿದ್ದು ಅವತ್ತೇ. ನಡೆಯುತ್ತ ಸುಮ್ಮನೆ ಎಣಿಸತೊಡಗಿದೆ. ಹತ್ತು, ಹನ್ನೊಂದು, ಹನ್ನೆರಡು. ಎಲ್ಲದಕ್ಕೂ ಸುಣ್ಣ. ಹದಿನೈದು, ಹದಿನಾರು. ಹದಿನೇಳನೆಯ ಕಲ್ಲು ಖಾಲಿ. ಹದಿನೆಂಟೂ ಖಾಲಿ. ದಂಡೆ ತಿರುಗುವವರೆಗೆ ಕಾಣುತ್ತಿದ್ದ ಎಲ್ಲ ಕಲ್ಲುಗಳೂ ಖಾಲಿ.

ನಾನು ಅಲ್ಲೇ ನಿಂತೆ. ಸುಣ್ಣ ಹದಿನೈದಕ್ಕೆ ನಿಂತಿದ್ದರೆ, ಇಪ್ಪತ್ತಕ್ಕೆ ನಿಂತಿದ್ದರೆ ನಾನು ಭೀಮಣ್ಣನನ್ನು ಬೈಯುತ್ತಿದ್ದೆ. ಹದಿನಾರಕ್ಕೆ ನಿಂತಿತ್ತು. ಸಿ ಭಾಷೆಯಲ್ಲಿ ಕೆಲಸ ಮಾಡಿದವರಿಗೆ ಹದಿನಾರು ಮಾಮೂಲಿ ಸಂಖ್ಯೆಯಲ್ಲ. ಪ್ರೋಗ್ರಾಮಿನ ಯಾವ ಸಾಲಿನಲ್ಲಿ ತಪ್ಪಿದೆ ಎಂದು ಆ ದಂಡೆಯ ಮೇಲೆ ನಿಂತೇ ನನಗೆ ಗೊತ್ತಾಗಿಹೋಯಿತು.

ಆ ಕಾಲದ ನಮ್ಮ ಯಂತ್ರದಲ್ಲಿ 'ಲಾಂಗ್' ಎನ್ನುವ ಸಂಖ್ಯೆಗೆ ಮೂವತ್ತೆರಡು ಬಿಟ್, 'ಇಂಟ್' ಎನ್ನುವ ಸಂಖ್ಯೆಗೆ ಹದಿನಾರೇ ಬಿಟ್. ಲ್ಯಾಟರಲ್‌ಗಳ ಸಂಖ್ಯೆಗಳನ್ನು ನಾನು ಸರಿಯಾಗಿಯೇ ಲಾಂಗ್‌ನಲ್ಲಿ ಇಟ್ಟಿದ್ದೆ. ಆದರೆ ಈ ಲ್ಯಾಟರಲ್‌ನಲ್ಲಿ ಬಾಕಿ ಇದೆಯೇ ಎಂದು ನೋಡಿ ಮೇಲಿನ ಹಂತಕ್ಕೆ ಹೇಳುವ ಪುಟ್ಟ ಫಂಕ್ಷನ್, ಅಂದರೆ ಪ್ರೋಗ್ರಾಮಿನ ಒಂದು ತುಣುಕು, ಇತ್ತು. ಅದು ಆ ಸಂಖ್ಯೆಯನ್ನೇ ಉತ್ತರವಾಗಿ ಹಿಂದಿರುಗಿಸುತ್ತಿತ್ತು. ಉತ್ತರಕ್ಕೆ ನಾನು ಕೊಟ್ಟಿದ್ದ ಜಾಗ ಇಂಟ್. ಸೇರು ಹಿಡಿಯುವ ಕಾಳನ್ನು ಅರ್ಧ ಸೇರಿನ ಡಬ್ಬಿಗೆ ಸುರಿದಂತಾಯಿತು. ಮೊದಲ ಹದಿನಾರು ಬಿಟ್ ಉಳಿದವು, ಆಚೆಯ ಹದಿನಾರು ಹೊರಗೆ ಚೆಲ್ಲಿದವು. ಒಂದರಿಂದ ಹದಿನಾರರವರೆಗಿನ ತೂಬುಗಳು ಮುಗಿದು, ಹದಿನೇಳರ ಆಚೆಯವು ಮಾತ್ರ ಬಾಕಿಯಿದ್ದರೆ ಉತ್ತರ ಸೊನ್ನೆ. ಮೇಲಿನ ಹಂತ ಅದನ್ನು ನಂಬಿ ಇಡೀ ಲ್ಯಾಟರಲ್ ಮುಗಿಯಿತು ಎಂದು ಬರೆದುಕೊಳ್ಳುತ್ತಿತ್ತು. ಆಮೇಲೆ ಯಾರೂ ಕೆಳಗಿಳಿದು ನೋಡುವಂತಿಲ್ಲ, ನಾನೇ ಹಾಗೆ ಕಟ್ಟಿದ್ದೆ.

ಮೂರು ಪಾಳಿಗಳ ಪರೀಕ್ಷೆಯಲ್ಲಿ ಇದು ಯಾಕೆ ಸಿಗಲಿಲ್ಲ? ಬಾಲದವರಿಗೆ ಮೊದಲು ನೀರು ಬಿಡುವ ಪದ್ಧತಿಯಿಂದ. ಆಗ ಹದಿನಾರರ ಆಚೆಯ ನಂಬರುಗಳು ಮೊದಲೇ ಸೊನ್ನೆಯಾಗುತ್ತಿದ್ದವು, ಕೊನೆಯವರೆಗೆ ಉಳಿಯುತ್ತಿದ್ದದ್ದು ತಲೆಯ ತೂಬುಗಳು, ಅವು ಅರ್ಧ ಡಬ್ಬಿಯಲ್ಲಿ ಹಿಡಿಸುತ್ತಿದ್ದವು. ಗ್ಯಾಂಗ್‌ಮನ್‌ಗಳ ನ್ಯಾಯ ನನ್ನ ತಪ್ಪನ್ನು ಒಂದು ವರ್ಷ ಮುಚ್ಚಿಟ್ಟಿತ್ತು. ದೊಡ್ಡ ಸಂಖ್ಯೆಯನ್ನು ಚಿಕ್ಕ ಜಾಗಕ್ಕೆ ಹಾಕುತ್ತಿದ್ದೀಯ ಎಂದು ಎಚ್ಚರಿಸುವ ಸೌಲಭ್ಯ, ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ನಮ್ಮ ಕಂಪೈಲರಿನಲ್ಲೂ ಇತ್ತು. ಅದನ್ನು ನಾವೇ ಹೇಳಿ ಚಾಲೂ ಮಾಡಿಸಬೇಕಿತ್ತು. ನಾನು ಮಾಡಿಸಿರಲಿಲ್ಲ. ಎಚ್ಚರಿಕೆ ಹೇಳಿಸಿಕೊಳ್ಳುವ ಮನುಷ್ಯ ನಾನಾಗಿರಲಿಲ್ಲ.

"ಈ ಕೆಳಗಿನ ತೂಬಿಗೆ ಯಾಕ ಬಿಡಲಿಲ್ಲ ಭೀಮಣ್ಣ?" ಎಂದು ಕೇಳಿದೆ.

"ಆಫೀಸಿನ ಕಾಗದದಾಗ ಈ ಲ್ಯಾಟರಲ್ ಮುಗೀತು, ಗೇಟ್ ಇಳಸ್ರಿ ಅಂತ ಬಂತ್ರಿ. ಹೋದ ವಾರ ನಿಮಗs ಕೇಳಿದ್ನಿ, ಬಾಲದ ಮಂದಿ ಉಳದಾರಲ್ರಿ ಅಂತ. 'ಅದನ್ನ ಕಂಪ್ಯೂಟರ್ ನೋಡ್ಕೋತದ, ನೀ ಸುಮ್ನಿರು' ಅಂದ್ರಿ. ಸುಮ್ನಾದ್ನಿ."

ಅವನು ಕೇಳಿದ್ದು ಹೌದು, ನಾನು ಹಾಗೆ ಹೇಳಿದ್ದೂ ಹೌದು. ಶಾಂತಾಬಾಯಿ ನಮ್ಮಿಬ್ಬರನ್ನೂ ನೋಡುತ್ತ ನಿಂತಿದ್ದರು. ಅವರ ಹೊಲದವರೆಗೆ ಹೋಗಿ ನೆಲ ಮುಟ್ಟುವ ಅಗತ್ಯ ಉಳಿದಿರಲಿಲ್ಲ. ನಾನು ಅವರಿಗೆ, "ತಪ್ಪು ನಂದು ಬಾಯಿ. ನಿಮ್ಮ ತೂಬಿಗೆ ನೀರು ಮುಟ್ಟಿಲ್ಲ" ಎಂದೆ.

"ಅದು ನನಗ ಗೊತ್ತಿತ್ತಲ್ರಿ," ಎಂದರು ಅವರು. "ಈಗ ಏನ್ ಮಾಡ್ತೀರಿ, ಅದನ್ನ ಹೇಳ್ರಿ."

ಗಡಿಯಾರ ನೋಡಿದೆ. ಹನ್ನೊಂದೂಮುಕ್ಕಾಲು. ನಾಲ್ಕು ಗಂಟೆಗೆ ಗೇಟು ಇಳಿಯುತ್ತದೆ.

ದೇಶಮುಖ ಸಾಹೇಬರು ಅವತ್ತು ಸುರಪುರದ ಕಚೇರಿಯಲ್ಲಿದ್ದರು. ಅಲ್ಲಿಗೆ ಜೀಪಿನಲ್ಲಿ ಹೋಗುವುದರೊಳಗೆ ಹೊತ್ತು ಕಳೆಯುತ್ತದೆ. ನಮ್ಮ ಕಚೇರಿಗೆ ಓಡಿ ಬಂದು ವೈರ್‌ಲೆಸ್ ಹಿಡಿದೆ. ಈ ವೈರ್‌ಲೆಸ್ಸಿನ ಗುಣ ಏನೆಂದರೆ, ಒಬ್ಬ ಮಾತಾಡಿದ್ದು ಕಾಲುವೆಯುದ್ದಕ್ಕೂ ಇರುವ ಎಲ್ಲ ಸೆಟ್ಟುಗಳಿಗೂ ಕೇಳುತ್ತದೆ. ಗೇಟು ಇಳಿಸುವವರು, ನೀರಿನ ಮಟ್ಟ ಅಳೆಯುವವರು, ಎಲ್ಲ ಗ್ಯಾಂಗ್‌ಮನ್‌ಗಳು ಕಿವಿ ಕೊಟ್ಟೇ ಇರುತ್ತಾರೆ. ನನ್ನ ಜಂಬದ ಮಾತುಗಳನ್ನು ಒಂದು ವರ್ಷ ಕೇಳಿಸಿಕೊಂಡವರು ಅವರೇ. ಸಾಹೇಬರು ಖುದ್ದು ಮಾತಿಗೆ ಬರಲಿ ಎಂದು ಹೇಳಿ ಕಾದೆ. ಅವರು ಬಂದರು. ಗೇಟು ಮುಚ್ಚಬಾರದು, ನೀರು ಮುಟ್ಟದ ತೂಬುಗಳಿವೆ ಎಂದೆ.

"ನಿನ್ನೆ ನೀವs ಪಟ್ಟಿ ಕೊಟ್ರಿ, ಬಾಕಿ ಇಲ್ಲ ಅಂತ. ಕಾರಣ ಏನು? ಓವರ್."

ಇಲ್ಲಿ ಒಂದು ಕ್ಷಣ ನನಗೆ ಬೇರೆ ದಾರಿಗಳೂ ಹೊಳೆದವು. ಗ್ಯಾಂಗ್‌ಮನ್ ತಪ್ಪು ಮಾಹಿತಿ ಕೊಟ್ಟ ಎನ್ನಬಹುದಿತ್ತು. ಯಂತ್ರ ಕೆಟ್ಟಿದೆ ಎಂದರೂ ನಡೆಯುತ್ತಿತ್ತು, ಯಂತ್ರ ಬಲ್ಲವನು ನಾನೊಬ್ಬನೇ. ಬಾಗಿಲಲ್ಲಿ ಭೀಮಣ್ಣ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದ.

"ಪ್ರೋಗ್ರಾಮಿನೊಳಗ ತಪ್ಪಾಗ್ಯಾದ ಸರ್. ಬರೆದವನು ನಾನು. ಗ್ಯಾಂಗ್‌ಮನ್ ಒಬ್ಬರು ಹೋದ ವಾರವೇ ಹೇಳಿದ್ರು, ನಾನು ಕೇಳಲಿಲ್ಲ. ಓವರ್."

ಸಾಹೇಬರ ದನಿ ಬಂತು.

"ಎಷ್ಟು ತೂಬು ಉಳಿದಾವ? ಓವರ್."

"ಈಗ ಗೊತ್ತಿಲ್ಲ ಸರ್. ಓವರ್."

"ಮೂರು ಗಂಟೆ ಒಳಗ ನನಗ ಬೇಕು. ಡ್ಯಾಮಿನವರ ಜೋಡಿ ನಾ ಮಾತಾಡಬೇಕಾಗ್ತದ, ಅಂದಾಜು ಹೇಳಿದ್ರ ಅವರು ಒಪ್ಪಂಗಿಲ್ಲ. ಮತ್ತ ನಿಮ್ಮ ಕಂಪ್ಯೂಟರ್ ಹೇಳಿದ್ದು ಬ್ಯಾಡ, ಕಣ್ಣಿಂದ ನೋಡಿದ್ದು ಹೇಳ್ರಿ."

ಹದಿನಾರಕ್ಕಿಂತ ಹೆಚ್ಚು ತೂಬುಗಳಿದ್ದ ಲ್ಯಾಟರಲ್‌ಗಳು ನಮ್ಮಲ್ಲಿ ಏಳು. ಆ ಏಳಕ್ಕೂ ಮನುಷ್ಯರನ್ನು ಕಳಿಸಿ ಮೂರು ಗಂಟೆಯೊಳಗೆ ಎಣಿಸುವುದು ಹೇಗೆ ಎಂದು ನಾನು ನಕ್ಷೆ ಹರವಿಕೊಂಡು ಬೆವರುತ್ತಿದ್ದೆ. ಒಬ್ಬರನ್ನೂ ಕಳಿಸಬೇಕಾಗಲಿಲ್ಲ. ನಮ್ಮ ಮಾತು ಕೇಳಿಸಿಕೊಂಡಿದ್ದ ಗ್ಯಾಂಗ್‌ಮನ್‌ಗಳು ನನ್ನ ಆದೇಶಕ್ಕೆ ಕಾಯದೆ ಸೈಕಲ್ ಹತ್ತಿ ದಂಡೆಗೆ ಹೋಗಿದ್ದರು. ಒಂದು ಗಂಟೆ ಹೊತ್ತಿಗೆ ಮೊದಲ ದನಿ ಬಂತು: "ಸುಣ್ಣಾ ಇಲ್ಲದ್ದು ನಾಕು ಅವ ಸಾಹೇಬ್ರ." ಆಮೇಲೆ ಒಬ್ಬರ ಹಿಂದೆ ಒಬ್ಬರು. ಒಬ್ಬನೂ ಕೊಂಕು ನುಡಿಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಕಣ್ಣು ತುಂಬಿ ಬಂದು, ಬರೆದುಕೊಳ್ಳುತ್ತಿದ್ದ ಹಾಳೆ ಮಸುಕಾಯಿತು.

ಅವರು ಎಣಿಸುತ್ತಿದ್ದ ಹೊತ್ತಿನಲ್ಲಿ ನಾನು ಪ್ರೋಗ್ರಾಂ ತೆರೆದೆ. ತಪ್ಪು ನಾನು ಊಹಿಸಿದ ಜಾಗದಲ್ಲೇ ಇತ್ತು. ಸಂಖ್ಯೆಯನ್ನೇ ಹಿಂದಿರುಗಿಸುವ ಬದಲು ಅದು ಸೊನ್ನೆಯೋ ಅಲ್ಲವೋ ಎಂದಷ್ಟೇ ಹೇಳುವಂತೆ ಮಾಡಿದೆ. ತಿದ್ದಿದ್ದು ಒಂದೇ ಸಾಲು. ಕೆಳಗಿನ ಹಂತದ ಬಿಟ್‌ಗಳು ಸರಿಯಾಗಿಯೇ ಉಳಿದಿದ್ದವು, ಮೇಲಿನ ಹಂತಗಳನ್ನು ಹೊಸದಾಗಿ ಕಟ್ಟಿಸಿದೆ. ಪ್ರಿಂಟರು ಪಟ್ಟಿಯನ್ನು ಉಗುಳಿತು: ನಲವತ್ತಮೂರು ತೂಬು. ಗ್ಯಾಂಗ್‌ಮನ್‌ಗಳ ಲೆಕ್ಕ ಕೂಡಿಸಿದರೆ ನಲವತ್ನಾಲ್ಕು.

ಇನ್ನೂ ಒಂದು ತಪ್ಪು ಅಡಗಿದೆಯೇ? ಎರಡು ಪಟ್ಟಿಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಹೆಚ್ಚಿಗೆ ಬಂದ ತೂಬು ಸಿಕ್ಕಿತು, ಇನ್ನೊಂದು ಲ್ಯಾಟರಲ್‌ನ ಒಂಬತ್ತನೆಯದು. ಅಲ್ಲಿನ ಗ್ಯಾಂಗ್‌ಮನ್‌ನನ್ನು ಮತ್ತೊಮ್ಮೆ ಹೋಗಿ ನೋಡೆಂದೆ. ಅವನು ಹೋಗಿ ಬಂದು ನಗುತ್ತ ಹೇಳಿದ: "ಆ ತೂಬಿನ ಹೊಲಾ ತೊಯ್ದಾವ್ರಿ ಸಾಹೇಬ್ರ. ಕುರಿ ನೀರ ಕುಡ್ಯಾಕ ಬಂದು ಕಲ್ಲಿಗಿ ಮೈ ತಿಕ್ಕ್ಯಾವ. ಸುಣ್ಣಾ ಎಲ್ಲಾ ಕುರಿ ಮೈಮ್ಯಾಲ ಹೋಗ್ಯಾದ." ಅಷ್ಟು ಹೊತ್ತಿನಲ್ಲಿ ಮೊದಲ ಸಲ ನನಗೂ ನಗು ಬಂತು. ನಲವತ್ತಮೂರು ಎಂದು ಸಾಹೇಬರಿಗೆ ತಿಳಿಸಿದಾಗ ಗಂಟೆ ಎರಡು ನಲವತ್ತು.

ಮೂರೂವರೆಗೆ ಅವರು ಸೆಟ್ಟಿಗೆ ಬಂದರು. ಎರಡು ದಿನ ಸಿಕ್ಕಿತ್ತು. ಶನಿವಾರ ಸಂಜೆ ನಾಲ್ಕು ಗಂಟೆಗೆ ಗೇಟು ಇಳಿಯುತ್ತದೆ, ಅದರ ಮೇಲೆ ಒಂದು ನಿಮಿಷವೂ ಇಲ್ಲ ಎಂದರು. ನನ್ನ ಬಗ್ಗೆ ಒಂದೇ ಮಾತು: "ವರದಿ ಬರೀರಿ. ಸೆಟ್ಟಿನಾಗ ಹೇಳಿದ್ದನ್ನs ಬರೀರಿ, ಹೆಚ್ಚು ಕಡಿಮಿ ಬ್ಯಾಡ."

ಎರಡು ದಿನದಲ್ಲಿ ನಲವತ್ತಮೂರು ತೂಬು ಆಗಬಹುದಾದ ಕೆಲಸ, ಆದರೆ ತಲೆಯ ಕಡೆಯವರು ಯಾರೂ ನಡುವೆ ತೂಬು ಎತ್ತದಿದ್ದರೆ ಮಾತ್ರ. ಏಳೂ ಲ್ಯಾಟರಲ್‌ಗಳ ಮೊದಲ ಹದಿನಾರು ತೂಬುಗಳನ್ನು ಮುಚ್ಚಿ ಮಣ್ಣು ಮೆತ್ತಿಸಿದೆವು. ಈ ಸಲ ನಾನೇ ಭೀಮಣ್ಣನ ಜೊತೆ ದಂಡೆಯ ಮೇಲೆ ನಿಂತೆ. ಬಾಲದಿಂದ ಶುರು ಮಾಡೋಣ ಎಂದು ಅವನು ಹೇಳಿದಾಗ ನಾನು ಎದುರು ಮಾತಾಡಲಿಲ್ಲ. ಆದರೆ ಹೊಸ ಲೈನಿಂಗ್ ಮುಗಿದ ಜಾಗದಿಂದ ಆಚೆ ಒಣಗಿ ಬಾಯಿಬಿಟ್ಟಿದ್ದ ಕಾಲುವೆ ನೀರು ಕುಡಿಯುತ್ತಲೇ ಇತ್ತು. ಶುಕ್ರವಾರ ಮಧ್ಯಾಹ್ನ ನೀರು ಇಪ್ಪತ್ತೊಂದನೇ ತೂಬಿನ ಹತ್ತಿರ ತೆವಳುತ್ತಿತ್ತು. ತಲೆಯ ಕಡೆಯ ಇಬ್ಬರು ರೈತರು ಬಂದು ತಮ್ಮ ತೂಬು ಒಂದು ತಾಸು ಎತ್ತಿಕೊಡಿ ಎಂದು ಕೇಳಿದರು. ಭೀಮಣ್ಣ ಗುದ್ದಲಿ ಅಡ್ಡ ಇಟ್ಟುಕೊಂಡು, "ನಿಮ್ಮ ಕಲ್ಲಿಗಿ ಸುಣ್ಣಾ ಅದ, ನಡೀರಿ ಮನಿಗಿ" ಎಂದ. ಅವರು ಗೊಣಗುತ್ತ ಹೋದರು.

ಶುಕ್ರವಾರ ಸಂಜೆ ಹೊತ್ತು ಮುಳುಗುವ ಮುನ್ನ ನೀರು ಇಪ್ಪತ್ತಾರನೇ ತೂಬು ಮುಟ್ಟಿತು. ಶಾಂತಾಬಾಯಿ ಸೀರೆ ಎತ್ತಿ ಕಟ್ಟಿ ಬದುವಿನ ಮೇಲೆ ನಿಂತಿದ್ದರು. ನೀರು ಮೊದಲ ಸಾಲಿಗೆ ನುಗ್ಗಿದಾಗ ನೆಲದಿಂದ ಸುಯ್ಯೆಂಬ ಸದ್ದು ಬಂತು. ನಾನು ಥ್ಯಾಂಕ್ಸ್ ನಿರೀಕ್ಷಿಸಿರಲಿಲ್ಲ, ಅವರು ಹೇಳಲೂ ಇಲ್ಲ. ಸಾಲು ಒಡೆದು ಇನ್ನೊಂದಕ್ಕೆ ನೀರು ತಿರುವುತ್ತ, "ಅಲ್ಲೇ ನಿಂತೀರಲ್ರಿ, ಆ ಕಡಿ ಮಣ್ಣು ಒತ್ರಿ" ಎಂದರು. ಕಾಲಿನ ಶೂ ಬಿಚ್ಚಿಟ್ಟು ಕೆಸರಿಗಿಳಿದೆ. ಶನಿವಾರ ಮೂರು ಗಂಟೆಗೆ ನಲವತ್ತಮೂರನೆಯ ತೂಬಿನ ಸರದಿ ಮುಗಿಯಿತು. ಏಪ್ರಿಲ್ ಕೊನೆಗೆ ಆ ಹೊಲಗಳಲ್ಲೆಲ್ಲ ಕಾಳು ತುಂಬಿದ ಶೇಂಗಾ ಕಿತ್ತರು.

ನನ್ನ ವರದಿಗೆ ಮೇಲಿನಿಂದ ಒಂದು ಎಚ್ಚರಿಕೆಯ ಪತ್ರ ಬಂತು. ಅದು ನನಗೆ ಸಲ್ಲಬೇಕಾದದ್ದೇ. ಆದರೆ ಪ್ರೋಗ್ರಾಂ ಎಸೆಯಲಿಲ್ಲ. ಅದು ಆಮೇಲೆ ಒಂಬತ್ತು ವರ್ಷ ಒಂದೂ ತೂಬು ಬಿಡದೆ ಕೆಲಸ ಮಾಡಿತು. ಅದರ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆಯಿದೆ, ಹೇಳಿಕೊಳ್ಳಲು ಸಂಕೋಚವಿಲ್ಲ. ಮುಂದಿನ ಹಂಗಾಮಿಗೆ ದೇಶಮುಖ ಸಾಹೇಬರು ಹೊಸದೊಂದು ನಿಯಮ ಮಾಡಿದರು. ಪಾಳಿ ಮುಗಿಯಿತೆಂದು ನನ್ನ ಪಟ್ಟಿ ಹೇಳಿದರೆ ಸಾಲದು. ಪ್ರತಿ ಲ್ಯಾಟರಲ್‌ನ ಕೊನೆಯ ತೂಬಿನ ರೈತರೊಬ್ಬರು ಆ ಕಾಗದಕ್ಕೆ ಸಹಿ ಮಾಡಬೇಕು. ಆ ಸಹಿಗಳೆಲ್ಲ ಬಂದ ಮೇಲೇ ಗೇಟು.

ಆ ಹಂಗಾಮಿನ ಕೊನೆಯ ದಿನ ಎಲ್ಲ ಸಹಿಗಳೂ ಬಂದಿದ್ದವು, ಒಂದು ಬಿಟ್ಟು. ಮೂರೂವರೆಗೆ ನಾನೂ ಸಾಹೇಬರೂ ಇಪ್ಪತ್ತಾರನೇ ತೂಬಿಗೆ ಹೋದೆವು. ಶಾಂತಾಬಾಯಿಯ ಹೊಲ ತೊಯ್ದು ಮುಗಿದಿತ್ತು. ಅವರು ಕಾಗದ ಹಿಡಿದು ಪೂರ್ತಿ ಓದಿದರು. ಆಮೇಲೆ ಪೆನ್ನನ್ನು ನನಗೇ ಹಿಂದಕ್ಕೆ ಕೊಟ್ಟರು.

"ಇಪ್ಪತ್ತೈದನೇ ತೂಬಿನ ಕೆಳಗ ಇನ್ನೂ ಎರಡು ಹೊಲಾ ಒಣಾ ಅವ್ರಿ. ಸಾಲು ಒಡದು ನೀರ ಹಾದಿ ತಪ್ಪಿತ್ತು, ಈಗ ತಿರುವ್ಯಾರ. ಅವರದು ಮುಗೀಲಿ, ಆಮ್ಯಾಲ ಹಾಕ್ತೀನಿ."

ನನ್ನ ಪಟ್ಟಿಯಲ್ಲಿ ಇಪ್ಪತ್ತೈದನೇ ತೂಬು ಸೊನ್ನೆಯಾಗಿತ್ತು. ತೂಬು ತೆರೆದದ್ದು, ಹೊತ್ತು ಮುಗಿದದ್ದು ಎಲ್ಲವೂ ನಿಜ, ಪ್ರೋಗ್ರಾಮಿನಲ್ಲಿ ಈ ಸಲ ಯಾವ ತಪ್ಪೂ ಇರಲಿಲ್ಲ. ತೂಬಿನ ಆಚೆ ನೀರು ದಾರಿ ತಪ್ಪಿದ್ದು ಮಾತ್ರ ಅದಕ್ಕೆ ಗೊತ್ತಾಗುವಂತಿರಲಿಲ್ಲ. ನಾನು ಸಾಹೇಬರ ಮುಖ ನೋಡಿದೆ. ಅವರು ದಂಡೆಯ ಮೇಲೆ ಟವೆಲ್ ಹಾಸಿ ಕುಳಿತರು. ನಾನೂ ಪಕ್ಕದಲ್ಲಿ ಕುಳಿತೆ. ಕೆಲಸ ಮುಗಿಯಿತು ಎನ್ನುವ ಮಾತು ಅದನ್ನು ಮಾಡಿದವನದಲ್ಲ, ಕೊನೆಯಲ್ಲಿ ನಿಂತು ಕಾಯುತ್ತಿರುವವರದು. ಮೂವತ್ತೊಂದು ವರ್ಷದ ನೌಕರಿಯಲ್ಲಿ ನಾನು ಕಲಿತದ್ದರಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ.

ನಾಲ್ಕು ಗಂಟೆಗೆ ಇಳಿಯಬೇಕಾಗಿದ್ದ ಗೇಟು ಅವತ್ತು ಇಳಿದದ್ದು ಐದೂಮುಕ್ಕಾಲಿಗೆ. ಅದನ್ನು ಇಳಿಸಲು ಹೇಳಿದವರು ಶಾಂತಾಬಾಯಿ.